ಕಿರುಸಂದೇಶ, ಲಿಪಿ ಮತ್ತು ಕೇಳುಗರು: ಸಮುದಾಯ ಬಾನುಲಿಯ ನೆಲೆಯಲ್ಲಿ ಒಂದು ವಿವೇಚನೆ

ಬಾನುಲಿಯನ್ನು ಕುರಿತ ಕನ್ನಡದ ಬರಹಗಳು ಬಹುಮಟ್ಟಿಗೆ ಅದರ ನುಡಿಯುವ ಮುಖವನ್ನೇ ಗಮನಿಸಿವೆ. ಬಾನುಲಿ ನಾಟಕ, ಚಿಂತನ, ರೂಪಕ, ಭಾವಗೀತೆಗಳ ಪ್ರಸಾರ ಮೊದಲಾದವು ಸಾಹಿತ್ಯದ ವಿಸ್ತರಣೆಯಾಗಿ ಕಂಡದ್ದರಿಂದ ಅವು ಕನ್ನಡ ಅಧ್ಯಯನದ ಒಳಗೆ ಸುಲಭವಾಗಿ ಬಂದವು. ಕೇಳುಗರು ಮರಳಿ ಏನು ನುಡಿಯುತ್ತಾರೆ, ಯಾವ ಕನ್ನಡದಲ್ಲಿ ನುಡಿಯುತ್ತಾರೆ, ಆ ನುಡಿ ಯಾವ ಲಿಪಿಯನ್ನು ತೊಟ್ಟು ಕೇಂದ್ರವನ್ನು ತಲುಪುತ್ತದೆ ಎಂಬ ಪ್ರಶ್ನೆಗಳನ್ನು ಮಾತ್ರ ಸಂವಹನ ವಿಭಾಗಗಳ ಪಾಲಿಗೆ ಬಿಟ್ಟುಕೊಡಲಾಗಿದೆ. ಮೊಬೈಲ್ ಕಿರುಸಂದೇಶ ಅಥವಾ ಎಸ್‌ಎಂಎಸ್ ಸಮುದಾಯ ಬಾನುಲಿಗೂ ಕೇಳುಗರಿಗೂ ನಡುವಿನ ಸೇತುವೆ ಎಂಬ ಮಾತು ಕಳೆದ ಎರಡು ದಶಕಗಳಲ್ಲಿ ಬಗೆಬಗೆಯಾಗಿ ಕೇಳಿಬಂದಿದೆ. ಈ ಸೇತುವೆಯ ಮೇಲೆ ಯಾವ ಕನ್ನಡ ನಡೆದುಬರುತ್ತದೆ, ಯಾವುದು ಆಚೆ ದಡದಲ್ಲೇ ಉಳಿಯುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನ ಮೋರಟಗಿಯಂಥ ಊರನ್ನು ಎದುರಿಗಿಟ್ಟುಕೊಂಡು ಈ ಚರ್ಚೆಯನ್ನು ಬೆಳೆಸಲಾಗಿದೆ. ತೊಗರಿ, ಬಿಳಿಜೋಳ, ಲಿಂಬೆಗಳ ಈ ಸೀಮೆಯ ಆಡುನುಡಿಗೂ ಪಠ್ಯಪುಸ್ತಕದ ಕನ್ನಡಕ್ಕೂ ನಡುವಿನ ಅಂತರ ಎದ್ದುಕಾಣುವಷ್ಟಿರುವುದರಿಂದ ಲಿಪಿಯ ಪ್ರಶ್ನೆ ಇಲ್ಲಿ ಹೆಚ್ಚು ನಿಚ್ಚಳವಾಗುತ್ತದೆ.

1. ಸಮುದಾಯ ಬಾನುಲಿ: ಅಕ್ಷರವನ್ನು ಬಳಸಿ ಹೋದ ದಾರಿ

ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 1995ರ ಫೆಬ್ರವರಿಯಲ್ಲಿ. ಮರುವರ್ಷ ಬೆಂಗಳೂರಿನಲ್ಲಿ ಸೇರಿದ ಸಭೆಯೊಂದು ಸಮುದಾಯ ಬಾನುಲಿಗಾಗಿ ಒತ್ತಾಯಿಸಿ ಹೊರಡಿಸಿದ ಹೇಳಿಕೆ ‘ಬೆಂಗಳೂರು ಘೋಷಣೆ’ ಎಂದೇ ಹೆಸರಾಯಿತು. ಸರ್ಕಾರ 2003ರಲ್ಲಿ ವಿದ್ಯಾಸಂಸ್ಥೆಗಳಿಗೆ ಮಾತ್ರ ಅವಕಾಶ ಕೊಟ್ಟಿತು. ಸ್ವಯಂಸೇವಾ ಸಂಘಟನೆಗಳಿಗೆ ಬಾಗಿಲು ತೆರೆದದ್ದು 2006ರ ನವೆಂಬರಿನ ಮಾರ್ಗಸೂಚಿಗಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ಬಾನುಲಿ, ಬೆಂಗಳೂರಿನ ರೇಡಿಯೊ ಆ್ಯಕ್ಟಿವ್ ಇವೆರಡೂ 2007ರಲ್ಲಿ ಆರಂಭವಾದವು. ಆಗ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರಿನಲ್ಲಿ ಜನಧ್ವನಿ 2012ರಲ್ಲಿ ದನಿ ತೆಗೆಯಿತು.

ಆದರೆ ಕರ್ನಾಟಕದ ಮಟ್ಟಿಗೆ ಈ ಚರಿತ್ರೆಯ ಮೊದಲ ಪುಟ ಪರವಾನಗಿಗಿಂತ ಹಿಂದಿನದು. ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೊ ನೆರವಿನೊಡನೆ 2001ರಲ್ಲಿ ‘ನಮ್ಮ ಧ್ವನಿ’ಯನ್ನು ಆರಂಭಿಸಿದವು. ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿಯಿರಲಿಲ್ಲ. ಆದ್ದರಿಂದ ಟಿವಿ ಕೇಬಲ್ಲಿನ ತಂತಿಯ ಮೂಲಕ ದನಿಯನ್ನು ಮನೆಗಳಿಗೆ ಹರಿಸಲಾಯಿತು. ಧ್ವನಿಮುದ್ರಿತ ಕಾರ್ಯಕ್ರಮಗಳನ್ನು ಸ್ವಸಹಾಯ ಸಂಘಗಳ ಕೂಟಗಳಲ್ಲಿ ಕೇಳಿಸಲಾಯಿತು. ಇಲ್ಲಿ ಕೇಳುಗರು ಮತ್ತು ಕೇಂದ್ರದ ನಡುವಿನ ಸಂಪರ್ಕಕ್ಕೆ ಯಂತ್ರದ ಅಗತ್ಯವೇ ಇರಲಿಲ್ಲವೆನ್ನಬಹುದು. ಸಂಘದ ಸದಸ್ಯೆ ಕಾರ್ಯಕ್ರಮದ ಕೇಳುಗಳೂ ಹೌದು, ಅದನ್ನು ಮಾಡುವವಳೂ ಹೌದು. ಆಗಿನ ಮೇದಕ್ ಜಿಲ್ಲೆಯ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ಆರಂಭವಾದ ಸಂಘಂ ರೇಡಿಯೊವನ್ನು ನಡೆಸಿದವರು ದಲಿತ ಮಹಿಳೆಯರು. ಎರಡೂ ಕಡೆಗಳಲ್ಲಿ ಒಂದು ತಿಳಿವಳಿಕೆ ಸಮಾನವಾಗಿತ್ತು: ಓದುಬರಹ ಬಾರದಿರುವುದು ಮಾತನಾಡುವ ಹಕ್ಕಿಗೆ ಅಡ್ಡಿಯಾಗಕೂಡದು.

2006ರ ಮಾರ್ಗಸೂಚಿಗಳಲ್ಲಿಯೂ ಈ ತಿಳಿವಳಿಕೆಯ ನೆರಳಿದೆ. ಕನಿಷ್ಠ ಅರ್ಧದಷ್ಟು ಕಾರ್ಯಕ್ರಮಗಳು ಸ್ಥಳೀಯ ಸಮುದಾಯದ ಪಾಲ್ಗೊಳ್ಳುವಿಕೆಯಿಂದ ಸಿದ್ಧವಾಗಬೇಕು, ಪ್ರಸಾರ ಆದಷ್ಟೂ ಸ್ಥಳೀಯ ಭಾಷೆ ಮತ್ತು ಉಪಭಾಷೆಗಳಲ್ಲಿರಬೇಕು ಎಂದು ಅವು ಹೇಳುತ್ತವೆ. ಸರ್ಕಾರಿ ಕಾಗದವೊಂದು ಉಪಭಾಷೆಯನ್ನು ದೋಷವೆನ್ನದೆ ಅರ್ಹತೆಯೆಂದು ಎಣಿಸಿರುವುದು ಅಪರೂಪ. ಕನ್ನಡ ವಿಭಾಗಗಳು ಈ ಒಂದು ವಾಕ್ಯವನ್ನು ಇದುವರೆಗೆ ಗಂಭೀರವಾಗಿ ಪರಿಗಣಿಸಿದಂತೆ ತೋರುವುದಿಲ್ಲ.

ಇದಕ್ಕೆ ತಾಂತ್ರಿಕ ಮಿತಿಯೊಂದನ್ನು ಸೇರಿಸಿ ನೋಡಬೇಕು. ಸಮುದಾಯ ಕೇಂದ್ರದ ಪ್ರಸಾರ ಸಾಮರ್ಥ್ಯಕ್ಕೆ ಸಾಮಾನ್ಯವಾಗಿ 100 ವ್ಯಾಟ್ ಮಿತಿಯಿದೆ. ಅದರ ದನಿ ಹತ್ತು ಹದಿನೈದು ಕಿಲೋಮೀಟರ್ ಸುತ್ತಳತೆಯನ್ನು ದಾಟಿ ಹೋಗುವುದು ಕಷ್ಟ. ವಿಜಯಪುರ ನಗರದ ಕೇಂದ್ರವೊಂದು ಮೋರಟಗಿಯನ್ನು ಮುಟ್ಟಲಾರದು. ಮೋರಟಗಿಗೆ ಸಮುದಾಯ ಬಾನುಲಿ ಬೇಕಾದರೆ ಅದು ಮೋರಟಗಿಯಲ್ಲೋ ಸಿಂದಗಿಯ ಆಸುಪಾಸಿನಲ್ಲೋ ಇರಬೇಕು. ಎಂದರೆ ಕೇಳುಗರೆಲ್ಲರೂ ಒಂದೇ ಸಂತೆಗೆ ಬರುವವರು, ಒಬ್ಬರ ದನಿಯನ್ನು ಇನ್ನೊಬ್ಬರು ಗುರುತಿಸಬಲ್ಲವರು. ಈ ಸಂಗತಿಗೆ ಮುಂದೆ ಮರಳಬೇಕಾಗುತ್ತದೆ.

2. ಮರುನುಡಿಯ ಹಳೆಯ ರೂಪಗಳು

ಬಾನುಲಿ ಕೇವಲ ಹಂಚುವ ಯಂತ್ರವಾಗದೆ ಕೇಳುವವರನ್ನೂ ಮಾತನಾಡಿಸುವ ಸಾಧನವಾಗಬೇಕೆಂದು ಜರ್ಮನಿಯ ನಾಟಕಕಾರ ಬ್ರೆಕ್ಟ್ 1932ರಲ್ಲಿ ವಾದಿಸಿದ್ದುದನ್ನು ಮಾಧ್ಯಮ ಚಿಂತಕರು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ವಿಜಯಪುರ ಸೀಮೆಯವರಿಗೆ ಇದನ್ನು ಬ್ರೆಕ್ಟನಿಂದಲೇ ಕಲಿಯಬೇಕಾದ ಅಗತ್ಯವಿಲ್ಲ. ಹರದೇಶಿ ನಾಗೇಶಿ ಮೇಳಗಳ ಗೀಗೀ ಪದಗಳು ಸವಾಲು ಜವಾಬುಗಳ ಮೇಲೆಯೇ ನಿಂತವು. ಒಂದು ಮೇಳ ಎಸೆದ ಪ್ರಶ್ನೆಗೆ ಇನ್ನೊಂದು ಮೇಳ ಉತ್ತರಿಸದೆ ಆಟ ಮುಂದುವರಿಯದು. ಕೂತವರು ಸುಮ್ಮನೆ ಕೇಳುವವರೂ ಅಲ್ಲ. ಸಂವಾದವನ್ನೇ ಕಲಾರೂಪವಾಗಿಸಿಕೊಂಡ ಪರಂಪರೆಯೊಂದು ಕಣ್ಣೆದುರಿಗಿರುವಾಗ ‘ಕೇಳುಗರ ಪ್ರತಿಕ್ರಿಯೆ’ ಎಂಬ ಪರಿಕಲ್ಪನೆ ತೀರ ಬಡವಾಗಿ ಕಾಣುತ್ತದೆ.

ಬಾನುಲಿಯ ಮಟ್ಟಿಗೆ ಮರುನುಡಿಯ ಮೊದಲ ವಾಹನ ಅಂಚೆಯ ಕಾರ್ಡು. ಕಾರ್ಡು ಬರೆಯಬೇಕಾದರೆ ಅಕ್ಷರ ಬೇಕು, ನಿಜ. ಆದರೆ ಬರೆಯಬಲ್ಲ ಒಬ್ಬರು ಬರೆಯಲಾರದ ಹಲವರಿಗಾಗಿ ಬರೆಯುವ ಪದ್ಧತಿ ಹಳ್ಳಿಗಳಲ್ಲಿ ಸಹಜವಾಗಿತ್ತು. 1956ರಲ್ಲಿ ಯುನೆಸ್ಕೊ ಸಹಾಯದಿಂದ ಆಗಿನ ಮುಂಬಯಿ ರಾಜ್ಯದ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಪುಣೆ ಆಕಾಶವಾಣಿ ನಡೆಸಿದ ಗ್ರಾಮೀಣ ಬಾನುಲಿ ಕೂಟಗಳ ಪ್ರಯೋಗ ಈ ಪದ್ಧತಿಯನ್ನೇ ವ್ಯವಸ್ಥೆಯಾಗಿ ರೂಪಿಸಿತು. ಊರಿನವರು ಒಟ್ಟಿಗೆ ಕೂತು ಕೇಳುವುದು, ಚರ್ಚಿಸುವುದು, ತಮ್ಮ ಪ್ರಶ್ನೆಗಳನ್ನು ಒಬ್ಬನ ಕೈಯಲ್ಲಿ ಬರೆಸಿ ಕೇಂದ್ರಕ್ಕೆ ಕಳಿಸುವುದು ಅದರ ಕ್ರಮ. ಬಿಜಾಪುರ ಆಗ ಅದೇ ರಾಜ್ಯಕ್ಕೆ ಸೇರಿದ್ದರೂ ಪ್ರಯೋಗ ಮರಾಠಿ ಜಿಲ್ಲೆಗಳಲ್ಲಷ್ಟೇ ನಡೆಯಿತು. ಇಲ್ಲಿ ಗಮನಿಸಬೇಕಾದುದು ಲಿಪಿಕಾರನ ಸ್ಥಾನ. ಅವನು ಕೂಟದ ಎದುರಿನಲ್ಲಿ ಬರೆಯುತ್ತಿದ್ದ; ಬರೆದದ್ದನ್ನು ಓದಿ ಹೇಳಬೇಕಾಗಿತ್ತು. ಕಿರುಸಂದೇಶದ ಲಿಪಿಕಾರ ಒಬ್ಬಂಟಿ.

ಅಕ್ಷರವಿಲ್ಲದವರ ನುಡಿಯನ್ನು ಅಕ್ಷರಸ್ಥರು ಹಾಳೆಗಿಳಿಸಿದ ದೊಡ್ಡ ಉದಾಹರಣೆಯೊಂದು ಇದೇ ಜಿಲ್ಲೆಯದು. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಂಗಸರ ಬೀಸುಕಲ್ಲಿನ ಪದಗಳನ್ನು ಸಂಗ್ರಹಿಸಿದುದರ ಫಲ 1931ರ ‘ಗರತಿಯ ಹಾಡು’. ಹಾಡಿದವರ ಕಂಠ ಮತ್ತು ಅಚ್ಚಾದ ಸಾಲಿನ ನಡುವೆ ಸಂಗ್ರಾಹಕನ ಕಿವಿ, ಅವನ ಕಾಗುಣಿತ, ಅವನ ಅಭಿರುಚಿಗಳಿವೆ ಎಂಬುದು ಜಾನಪದ ವಿದ್ವಾಂಸರಿಗೆ ಹೊಸ ಮಾತಲ್ಲ. ಅದೇ ಎಚ್ಚರವನ್ನು ಮೊಬೈಲ್ ಸಂದೇಶದ ವಿಷಯದಲ್ಲಿಯೂ ವಹಿಸಬೇಕಾಗಿದೆ. ಇಲ್ಲಿ ಸಂಗ್ರಾಹಕನ ಜಾಗದಲ್ಲಿ ಯಂತ್ರವಿದೆ, ಯಂತ್ರಕ್ಕೂ ಅದರದೇ ಕಾಗುಣಿತವಿದೆ.

3. ಎಪ್ಪತ್ತು ಮತ್ತು ನೂರ ಅರವತ್ತು

ಮೊದಲ ಕಿರುಸಂದೇಶ 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ರವಾನೆಯಾಯಿತು. ಒಂದು ಸಂದೇಶಕ್ಕೆ 160 ಅಕ್ಷರಗಳ ಮಿತಿ ಎಂಬುದು ಎಲ್ಲರೂ ಬಲ್ಲ ಮಾತು. ಈ 160 ರೋಮನ್ ಲಿಪಿಗೆ ಸಲ್ಲುವ ಸಂಖ್ಯೆ. ಒಂದು ಸಂದೇಶಕ್ಕೆ ಮೀಸಲಾದ ಸ್ಥಳ 140 ಬೈಟುಗಳು. ರೋಮನ್ ಅಕ್ಷರವೊಂದಕ್ಕೆ ಏಳು ಬಿಟ್ ಸಾಕಾಗುವುದರಿಂದ ಅಲ್ಲಿ 160 ಹಿಡಿಸುತ್ತವೆ. ಕನ್ನಡವನ್ನು ಯೂನಿಕೋಡ್ ರೂಪದಲ್ಲಿ ಕಳಿಸುವಾಗ ಪ್ರತಿ ಸಂಕೇತಕ್ಕೆ ಹದಿನಾರು ಬಿಟ್ ಬೇಕು. ಆಗ ಹಿಡಿಸುವುದು 70 ಮಾತ್ರ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶ 70ರ ಲೆಕ್ಕಕ್ಕೆ ಇಳಿಯುತ್ತದೆ.

ಇಲ್ಲಿ ಎಣಿಸುವ ‘ಅಕ್ಷರ’ ಕೇಶಿರಾಜ ಬಲ್ಲ ಅಕ್ಷರವಲ್ಲ ಎಂಬುದು ಇನ್ನೂ ಮುಖ್ಯ. ಯಂತ್ರ ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆಗಳನ್ನು ಬೇರೆಬೇರೆಯಾಗಿ ಎಣಿಸುತ್ತದೆ. ‘ಸ್ತ್ರೀ’ ಎಂಬುದು ಕನ್ನಡಿಗರ ಪಾಲಿಗೆ ಒಂದು ಅಕ್ಷರ, ಯಂತ್ರದ ಪಾಲಿಗೆ ಆರು ಸಂಕೇತ. ‘ರಾಷ್ಟ್ರ’ಕ್ಕೆ ಏಳು. ಮೋರಟಗಿಯ ರೈತನೊಬ್ಬ ಕೇಂದ್ರಕ್ಕೆ ಹೀಗೆ ಕೇಳುತ್ತಾನೆಂದು ಭಾವಿಸೋಣ:

‘ನಮ್ಮ ತೊಗರಿಗಿ ಹುಳ ಬಿದ್ದಾವ್ರಿ, ಯಾವ ಎಣ್ಣಿ ಹೊಡೀಬೇಕ್ರಿ?’

ಬಾಯಲ್ಲಿ ಇದು ಒಂದೇ ಉಸಿರಿನ ಮಾತು. ಎಣಿಸಿದರೆ 19 ಅಕ್ಷರ. ಖಾಲಿ ಜಾಗ, ಚಿಹ್ನೆಗಳೂ ಸೇರಿ ಯಂತ್ರದ ಎಣಿಕೆಯಲ್ಲಿ 50 ಸಂಕೇತ. ಇದೇ ವಾಕ್ಯವನ್ನು ರೂಢಿಯ ರೋಮನ್ ಕಾಗುಣಿತದಲ್ಲಿ ಬರೆದರೂ ಲೆಕ್ಕ 50ಕ್ಕೇ ಬರುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ವ್ಯತ್ಯಾಸವಿರುವುದು ಉಳಿದ ಜಾಗದಲ್ಲಿ: ರೋಮನ್‌ನಲ್ಲಿ ಬರೆದವನಿಗೆ ಇನ್ನೂ 110, ಕನ್ನಡದಲ್ಲಿ ಬರೆದವನಿಗೆ ಇನ್ನು 20. ಬಿತ್ತಿ ಎಷ್ಟು ದಿನವಾಯಿತು, ಹೂವಾಗಿದೆಯೋ ಕಾಯಾಗಿದೆಯೋ, ಎಷ್ಟು ಎಕರೆ, ತನ್ನ ಹೆಸರು, ಊರು ಇವಿಷ್ಟನ್ನೂ ತಿಳಿಸದೆ ಕೃಷಿ ತಜ್ಞರು ಉತ್ತರಿಸಲಾರರು. ಅದು 20ರಲ್ಲಿ ಹಿಡಿಸದು. ಮಿತಿ ಮೀರಿದೊಡನೆ ಸಂದೇಶ 67 ಸಂಕೇತಗಳ ತುಂಡುಗಳಾಗಿ ಒಡೆಯುತ್ತದೆ. ಪ್ರತಿ ತುಂಡೂ ಒಂದೊಂದು ಸಂದೇಶದ ಲೆಕ್ಕ. ಸಂದೇಶವೊಂದಕ್ಕೆ ಪೈಸೆ ಎಣಿಸಿ ಕೊಡುತ್ತಿದ್ದ ವರ್ಷಗಳಲ್ಲಿ ಇದು ಕನ್ನಡ ಲಿಪಿಯ ಮೇಲೆ ಹೇರಿದ ತೆರಿಗೆಯೇ ಆಗಿತ್ತು.

ಇನ್ನೂ ಸೂಕ್ಷ್ಮವಾದುದು ಗೌರವದ ಬೆಲೆ. ‘ಬೇಕು’ ಎಂದರೆ ನಾಲ್ಕು ಸಂಕೇತ. ‘ಬೇಕ್ರಿ’ ಎಂದರೆ ಆರು. ಉತ್ತರ ಕರ್ನಾಟಕದ ಕನ್ನಡದಲ್ಲಿ ‘ರಿ’ ಅಲಂಕಾರವಲ್ಲ. ಅದಿಲ್ಲದ ವಾಕ್ಯ ಹಿರಿಯರಿಗೆ, ಅಪರಿಚಿತರಿಗೆ ಆಡುವ ವಾಕ್ಯವೇ ಅಲ್ಲ. ಜಾಗ ಉಳಿಸುವ ಒತ್ತಡ ಮೊದಲು ಕತ್ತರಿಸುವುದು ಇಂಥ ಪ್ರತ್ಯಯಗಳನ್ನೇ. ‘ಅಕ್ಕಾರ’, ‘ಸರ’ ಎಂಬ ಕರೆಯೂ ಬೀಳುತ್ತದೆ. ಉಳಿಯುವುದು ತಂತಿಯ ಭಾಷೆ.

ತಾಂತ್ರಿಕ ಪರಿಹಾರಗಳು ಇರಲಿಲ್ಲವೆಂದಲ್ಲ. ಮೊಬೈಲ್ ಮಾನಕಗಳನ್ನು ರೂಪಿಸುವ ಅಂತಾರಾಷ್ಟ್ರೀಯ ಒಕ್ಕೂಟ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಏಳು ಬಿಟ್‌ಗಳ ಪ್ರತ್ಯೇಕ ಕೋಷ್ಟಕಗಳನ್ನು ತನ್ನ ಮಾನಕದಲ್ಲಿ ಸೇರಿಸಿತು. ಅವು ಕಾಗದದಿಂದ ಕೈಫೋನಿಗೆ ವ್ಯಾಪಕವಾಗಿ ಇಳಿದು ಬರಲಿಲ್ಲ. ಭಾರತದಲ್ಲಿ ಮಾರುವ ಫೋನುಗಳೆಲ್ಲ ದೇಶದ ಭಾಷೆಗಳನ್ನು ಓದಗೊಡಬೇಕೆಂಬ ಸರ್ಕಾರಿ ಆದೇಶ ಹೊರಟದ್ದು 2016ರಲ್ಲಿ. ಆ ಹೊತ್ತಿಗೆ ಕಿರುಸಂದೇಶದ ಉಚ್ಛ್ರಾಯ ಕಾಲವೇ ಮುಗಿಯುತ್ತ ಬಂದಿತ್ತು. ಅದಕ್ಕೆ ಮೊದಲು ಕನ್ನಡದಲ್ಲಿ ಕಳಿಸಿದ ಸಂದೇಶ ಎಷ್ಟೋ ಫೋನುಗಳಲ್ಲಿ ಖಾಲಿ ಚೌಕಗಳ ಸಾಲಾಗಿ ಕಾಣುತ್ತಿತ್ತು. ಹೀಗಾಗಿ ಕೇಳುಗರು ರೋಮನ್ ಲಿಪಿಯನ್ನು ಹಿಡಿದರು. ಇದನ್ನು ಭಾಷಾಭಿಮಾನದ ಕೊರತೆ ಎಂದು ಬಗೆಯುವುದು ಅನ್ಯಾಯ.

4. ಬೆಳೆಯೋ, ಬೆಲೆಯೋ, ಬೇಳೆಯೋ

ರೋಮನ್ ಲಿಪಿಗೆ ಜಾಗವುಂಟು, ಆದರೆ ಕನ್ನಡದ ಧ್ವನಿವ್ಯವಸ್ಥೆ ಅದರಲ್ಲಿ ಸೋರಿಹೋಗುತ್ತದೆ. ಹ್ರಸ್ವ ದೀರ್ಘಗಳ ಭೇದ, ಲಕಾರ ಳಕಾರಗಳ ಭೇದ, ದಂತ್ಯ ಮೂರ್ಧನ್ಯಗಳ ಭೇದ ಇವು ಯಾವುವೂ ಕೀಲಿಗಳಲ್ಲಿ ಇಲ್ಲ. ಬಿ, ಇ, ಎಲ್, ಇ ಎಂಬ ನಾಲ್ಕು ರೋಮನ್ ಅಕ್ಷರಗಳನ್ನು ಸಾಲಾಗಿ ಇಟ್ಟರೆ ಅದು ಬೆಳೆಯೂ ಆಗಬಹುದು, ಬೆಲೆಯೂ ಆಗಬಹುದು, ಬೇಳೆಯೂ ಆಗಬಹುದು. ತೊಗರಿಯ ನಾಡಿನಲ್ಲಿ ಈ ಮೂರು ಪದಗಳ ಗೊಂದಲ ಶಬ್ದಚಮತ್ಕಾರದ ವಿಷಯವಲ್ಲ. ‘ತೊಗರಿ’ಯ ಮುಂದೆ ಈ ನಾಲ್ಕಕ್ಷರಗಳನ್ನಿಟ್ಟು ‘ಹೇಗಿದೆ’ ಎಂದು ಕೇಳಿದ ಸಂದೇಶಕ್ಕೆ ಕೇಂದ್ರ ಕೀಟತಜ್ಞರನ್ನು ಕೂರಿಸಬೇಕೋ, ಮಾರುಕಟ್ಟೆ ಸಮಿತಿಯ ದರ ತಿಳಿಯಬೇಕೋ, ಗಿರಣಿಯವರನ್ನು ಕೇಳಬೇಕೋ? ಕಳೆ ಕೀಳುವ ಕಾಲದಲ್ಲಿ ‘ಕಳೆ’ ‘ಕಲೆ’ಯಾಗುತ್ತದೆ, ಎಲೆಗೆ ಬಿದ್ದ ಕಲೆ ಹೊಲದ ಕಳೆಯಾಗುತ್ತದೆ. ಎರಡಕ್ಕೂ ಹೊಡೆಯುವ ಔಷಧ ಬೇರೆ. ತಪ್ಪಿ ಓದಿ ಕೊಟ್ಟ ಸಲಹೆ ಪೈರಿಗೇ ಮುಳುವಾದೀತು.

ಬಾಯಿಮಾತಿನಲ್ಲಿ ಈ ಗೊಂದಲ ಹುಟ್ಟುವುದೇ ಇಲ್ಲ ಎಂಬುದನ್ನು ಮರೆಯಬಾರದು. ನುಡಿಯಾಗಿದ್ದುದು ಬರಹವಾಗಿ, ಬರಹ ಮತ್ತೆ ನಿರೂಪಕರ ಬಾಯಲ್ಲಿ ನುಡಿಯಾಗುವ ಈ ಎರಡು ಹೊರಳುಗಳಲ್ಲಿ ಆಪತ್ತು ಅಡಗಿದೆ. ವಾಲ್ಟರ್ ಓಂಗ್ 1982ರಲ್ಲಿ ಬಾನುಲಿ ಮೊದಲಾದವುಗಳ ಮೌಖಿಕತೆಯನ್ನು ಬರಹದ ಮೇಲೆ ನಿಂತ ‘ದ್ವಿತೀಯ ಮೌಖಿಕತೆ’ ಎಂದು ಕರೆದಿದ್ದಾನೆ. ಕಿರುಸಂದೇಶವನ್ನು ಓದಿ ಹೇಳುವ ಸಮುದಾಯ ಬಾನುಲಿಗೆ ಈ ಪರಿಕಲ್ಪನೆ ಹೊಂದುತ್ತದೆಯಾದರೂ ಅವನ ವಿವರಣೆಯಲ್ಲಿ ಲಿಪಿಯ ಪಲ್ಲಟಕ್ಕೆ ಸ್ಥಾನವಿಲ್ಲ. ಒಂದು ಭಾಷೆಗೆ ಒಂದು ಲಿಪಿ ಎಂಬುದು ಅಲ್ಲಿ ಗೃಹೀತ.

ಎರಡನೆಯ ಹೊರಳಿನಲ್ಲಿ ನಿರೂಪಕರು ಸಂಪಾದಕರಾಗುತ್ತಾರೆ. ಮೇಲಿನ ರೈತನ ಪ್ರಶ್ನೆ ಅವರ ಬಾಯಲ್ಲಿ ಬಹುಶಃ ‘ತೊಗರಿ ಬೆಳೆಗೆ ಕೀಟಬಾಧೆ ತಗುಲಿದೆ, ಯಾವ ಔಷಧಿಯನ್ನು ಸಿಂಪಡಿಸಬೇಕು’ ಎಂದಾಗುತ್ತದೆ. ‘ಎಣ್ಣಿ ಹೊಡೆಯುವುದು’ ಎಂಬ ಊರಿನ ಮಾತು ಅಳಿಸಿಹೋಗುತ್ತದೆ. ಧ್ವನಿಮುದ್ರಣವಾಗಿದ್ದರೆ ಹೀಗೆ ತಿದ್ದುವುದು ಸಾಧ್ಯವಿರಲಿಲ್ಲ. ಆ ರೈತನ ದನಿಯೇ ಪ್ರಸಾರವಾಗುತ್ತಿತ್ತು. ಉಪಭಾಷೆಯಲ್ಲಿ ಪ್ರಸಾರವಿರಲಿ ಎಂಬ ಮಾರ್ಗಸೂಚಿಯನ್ನು ಕಿರುಸಂದೇಶದ ಕಾರ್ಯಕ್ರಮ ಅರಿವಿಲ್ಲದೆಯೇ ಮೀರುವುದು ಹೀಗೆ.

ಆದರೆ ವಾದವನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧಸತ್ಯವಾದೀತು. ಶಾಲೆ ಕಲಿತವರು ಕನ್ನಡ ಲಿಪಿಯಲ್ಲಿ ಬರೆಯುವಾಗ ಲಿಪಿಯ ಜೊತೆಗೆ ಪಠ್ಯಪುಸ್ತಕವೂ ಬರುತ್ತದೆ. ‘ತೊಗರಿಗಿ’ ಎನ್ನುವವನೇ ‘ತೊಗರಿಗೆ’ ಎಂದು ಬರೆಯುತ್ತಾನೆ. ‘ಹೊಂಟೀನಿ’ ಎನ್ನುವವಳು ‘ಹೊರಟಿದ್ದೇನೆ’ ಎಂದು ಬರೆಯುತ್ತಾಳೆ. ಮಾಸ್ತರರ ಕೆಂಪು ಶಾಯಿ ಕೈಯೊಳಗೇ ಇರುತ್ತದೆ. ರೋಮನ್‌ನಲ್ಲಿ ಕನ್ನಡ ಬರೆಯಲು ಯಾವ ಶಾಲೆಯೂ ಕಲಿಸಿಲ್ಲ, ಅಲ್ಲಿ ತಪ್ಪು ಸರಿಗಳಿಲ್ಲ. ಆದ್ದರಿಂದ ಆಡಿದ್ದನ್ನು ಆಡಿದ ಹಾಗೆ ಒತ್ತುತ್ತಾರೆ. ಳಕಾರವನ್ನೂ ದೀರ್ಘವನ್ನೂ ನುಂಗಿಹಾಕುವ ಅದೇ ಲಿಪಿ ‘ಗಿ’ ಎಂಬ ಚತುರ್ಥಿ ಪ್ರತ್ಯಯವನ್ನೂ ಊರಿನ ಕ್ರಿಯಾರೂಪಗಳನ್ನೂ ಉಳಿಸಿಕೊಡುತ್ತದೆ. ಧ್ವನಿಯ ಮಟ್ಟದಲ್ಲಿ ನಷ್ಟ, ವ್ಯಾಕರಣದ ಮಟ್ಟದಲ್ಲಿ ಲಾಭ. ಉಪಭಾಷಾ ಅಧ್ಯಯನಕ್ಕೆ ಇಂಥ ಆಕರ ಹಿಂದೆಂದೂ ದೊರೆತಿರಲಿಲ್ಲ.

5. ದನಿಯಿಲ್ಲದ ಮಾತಿನ ಅಗತ್ಯ

2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇಕಡಾ 75ರ ಆಸುಪಾಸಿನಲ್ಲಿದ್ದಾಗ ವಿಜಯಪುರ ಜಿಲ್ಲೆಯದು ಸುಮಾರು 67, ಮಹಿಳೆಯರದು ಸುಮಾರು 57. ಸಾಕ್ಷರರೆಂದು ಎಣಿಕೆಯಾದವರೆಲ್ಲ ರೋಮನ್ ಕೀಲಿಗಳಲ್ಲಿ ಕನ್ನಡ ಒತ್ತಬಲ್ಲವರಲ್ಲ. ಆದಕಾರಣ ಕಿರುಸಂದೇಶವನ್ನು ಮುಖ್ಯ ಸೇತುವೆಯಾಗಿ ನೆಚ್ಚಿಕೊಂಡ ಕೇಂದ್ರ ತನ್ನ ಕೇಳುಗರಲ್ಲಿ ಹೆಚ್ಚಾಗಿ ಕಾಲೇಜು ಹುಡುಗರನ್ನೇ ಕಾಣುವುದು ಅನಿವಾರ್ಯ. ಆಫ್ರಿಕಾದ ಘಾನಾ, ಮಲಾವಿ, ಮಾಲಿ, ತಾಂಜಾನಿಯಾ, ಉಗಾಂಡಗಳಲ್ಲಿ 2007ರಿಂದ ಕೃಷಿ ಬಾನುಲಿಯನ್ನು ಮೊಬೈಲಿಗೆ ಜೋಡಿಸಿ ನಡೆದ ಪ್ರಯೋಗಗಳ ಮುಂದುವರಿಕೆಯಲ್ಲಿ ‘ಮಿಸ್ಡ್ ಕಾಲ್’ ಮುಖ್ಯ ಸಾಧನವಾಯಿತು. ಛತ್ತೀಸಗಢದಲ್ಲಿ 2010ರಲ್ಲಿ ಆರಂಭವಾದ ಸಿಜಿನೆಟ್ ಸ್ವರದಲ್ಲಿ ಕರೆ ಮಾಡಿದವರು ತಮ್ಮ ಮಾತನ್ನು ತಮ್ಮ ಭಾಷೆಯಲ್ಲೇ ದಾಖಲಿಸಬಹುದಾಗಿತ್ತು. ಮಿಸ್ಡ್ ಕಾಲ್ ಕೊಡಲು ಅಕ್ಷರ ಬೇಕಿಲ್ಲ, ಕಾಸೂ ಬೇಕಿಲ್ಲ. ಭಾರತದ ಬಡವರು ಕಂಡುಕೊಂಡ ಈ ಉಪಾಯವನ್ನು ಸಂವಹನ ತಜ್ಞರು ತಡವಾಗಿ ಗೌರವಿಸಿದರು.

ಹಾಗಾದರೆ ಲಿಖಿತ ಸಂದೇಶವನ್ನು ಕೈಬಿಟ್ಟು ದನಿಯೊಂದನ್ನೇ ಹಿಡಿಯಬಹುದೇ? ಇಲ್ಲಿ 100 ವ್ಯಾಟಿನ ಪ್ರಶ್ನೆ ಮರಳಿ ಬರುತ್ತದೆ. ಹತ್ತು ಕಿಲೋಮೀಟರಿನ ವರ್ತುಲದಲ್ಲಿ ದನಿಯೇ ವಿಳಾಸ. ಸೊಸೆಯೊಬ್ಬಳು ಗರ್ಭಕೋಶದ ತೊಂದರೆಯ ಬಗೆಗೋ, ಕುಡಿದು ಬರುವ ಗಂಡನ ಬಗೆಗೋ ಬಾನುಲಿಯ ವೈದ್ಯರನ್ನು, ವಕೀಲರನ್ನು ಕೇಳಬೇಕೆಂದರೆ ಅವಳ ದನಿ ಕೇಳಿದೊಡನೆ ಓಣಿಯೆಲ್ಲ ಗುರುತು ಹಿಡಿಯುತ್ತದೆ. ಗಟ್ಟಿಯಾಗಿ ಮಾತನಾಡಿ ದಾಖಲಿಸಲು ಮನೆಯಲ್ಲಿ ಏಕಾಂತವೂ ಇರುವುದಿಲ್ಲ. ಬರೆದ ಸಂದೇಶ ಸದ್ದಿಲ್ಲದೆ ಹೋಗುತ್ತದೆ. ಪ್ರಸಾರವಾಗುವಾಗ ನಿರೂಪಕಿಯ ದನಿಯಲ್ಲಿ ಹೆಸರಿಲ್ಲದೆ ಬರುತ್ತದೆ. ಹಿಂದೆ ದೋಷವೆಂದು ಎಣಿಸಿದ ದನಿಯ ನಷ್ಟವೇ ಇಲ್ಲಿ ರಕ್ಷಣೆಯಾಗುತ್ತದೆ. ಬೀಸುಕಲ್ಲಿನ ಪದದಲ್ಲಿ ಅತ್ತೆ, ನಾದಿನಿಯರ ಮೇಲಿನ ದೂರು ಯಾರದೆಂದು ಹೇಳಲಾಗದಂತೆ ಎಲ್ಲರದೂ ಆಗಿ ಉಳಿದದ್ದನ್ನು ಇದರೊಡನೆ ಇಟ್ಟು ನೋಡಬಹುದು. ಒಂದು ತೊಡಕು ಮಾತ್ರ ಉಳಿಯುತ್ತದೆ: ಫೋನು ಗಂಡಸಿನದು. ಸಂದೇಶ ಅವನ ಸಂಖ್ಯೆಯಿಂದ ಹೋಗುತ್ತದೆ, ಕೇಂದ್ರದ ಉತ್ತರವೂ ಅವನ ಕೈಗೇ ಬರುತ್ತದೆ. ಇಂಥ ಪ್ರಶ್ನೆಗಳಿಗೆ ಮರುಸಂದೇಶ ಕಳಿಸದೆ ಗೊತ್ತಾದ ದಿನ, ಗೊತ್ತಾದ ವೇಳೆಯಲ್ಲಿ ಪ್ರಸಾರದಲ್ಲೇ ಉತ್ತರಿಸುವುದು ವಿವೇಕ. ಆದ್ದರಿಂದ ಊರೆಲ್ಲ ಕೇಳಬೇಕಾದ ಮಾತಿಗೆ ದನಿ, ಊರಿಗೆ ಗುರುತು ಸಿಗಬಾರದ ಮಾತಿಗೆ ಬರಹ ಎಂಬ ವಿಂಗಡಣೆಯನ್ನು ಕೇಂದ್ರಗಳು ತಾವಾಗಿ ರೂಪಿಸಿಕೊಳ್ಳಬೇಕು.

ಹೆಸರನ್ನು ಮುಚ್ಚಿಡುವವರಂತೆ ಹೆಸರಿಗಾಗಿಯೇ ಬರೆಯುವವರೂ ಇದ್ದಾರೆ, ಅವರೇ ಹೆಚ್ಚು. ವಿವಿಧಭಾರತಿಗೆ ಹಾಡು ಕೋರಿ ಬರೆದ ಪತ್ರಗಳಿಂದಾಗಿ ಝುಮ್ರಿ ತಲೈಯಾ ಎಂಬ ಊರು ದೇಶಕ್ಕೆಲ್ಲ ಗೊತ್ತಾಯಿತು. ಕಿರುಸಂದೇಶಗಳಲ್ಲಿಯೂ ಹೆಸರು, ಊರು, ಗೆಳೆಯರ ಪಟ್ಟಿಗಳೇ ತುಂಬಿರುತ್ತವೆ ಎಂದು ಮಾಧ್ಯಮ ಅಧ್ಯಯನಕಾರರು ಇವನ್ನು ಹಗುರವಾಗಿ ಕಾಣುವುದುಂಟು. ಲಾವಣಿಕಾರ ಪದದ ಕೊನೆಗೆ ತನ್ನ ಊರನ್ನೂ ಗುರುವನ್ನೂ ಹೇಳಿ ಅಂಕಿತ ಹಾಕುವ ಸೀಮೆಯಲ್ಲಿ ಈ ಹಂಬಲವನ್ನು ಹುಡುಗಾಟವೆಂದು ತಳ್ಳಿಹಾಕಲಾಗದು. ‘ಮೋರಟಗಿಯಿಂದ’ ಎಂದು ಬಾನುಲಿಯಲ್ಲಿ ಕೇಳಿಬಂದಾಗ ಆ ಊರು ಒಂದು ಗಳಿಗೆ ಕೇಂದ್ರವಾಗುತ್ತದೆ.

6. ಕೇಂದ್ರದಿಂದ ಕೇಳುಗರೆಡೆಗೆ

ಇದುವರೆಗಿನ ಚರ್ಚೆ ಕೇಳುಗರಿಂದ ಬರುವ ಸಂದೇಶವನ್ನು ಕುರಿತದ್ದು. ಕೇಂದ್ರದಿಂದ ಹೊರಡುವ ಸಂದೇಶದ ಕಥೆ ಬೇರೆ. 2012ರ ಆಗಸ್ಟಿನಲ್ಲಿ ವದಂತಿಯ ಸಂದೇಶಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರನ್ನು ಬಿಟ್ಟು ರೈಲು ಹತ್ತಿದರು. ಕೇಂದ್ರ ಸರ್ಕಾರ ಹದಿನೈದು ದಿನ ಸಗಟು ಸಂದೇಶಗಳನ್ನು ನಿಷೇಧಿಸಿತು. ಆರಂಭದಲ್ಲಿ ಒಬ್ಬರು ಐದಕ್ಕಿಂತ ಹೆಚ್ಚು ಜನರಿಗೆ ಒಟ್ಟಾಗಿ ಸಂದೇಶ ಕಳಿಸುವಂತಿರಲಿಲ್ಲ. ಯಾರ ದನಿಯೆಂದು ತಿಳಿಯದ ಬರಹ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಬಾನುಲಿಗೆ ಹೊಣೆಗಾರರಿದ್ದಾರೆ, ವಿಳಾಸವಿದೆ, ಪ್ರಸಾರ ಮಾಡಿದ್ದನ್ನು ಮೂರು ತಿಂಗಳು ಕಾಯ್ದಿಡಬೇಕೆಂಬ ನಿಯಮವಿದೆ.

ಅನಪೇಕ್ಷಿತ ವಾಣಿಜ್ಯ ಸಂದೇಶಗಳನ್ನು ತಡೆಯಲು ದೂರಸಂಪರ್ಕ ಪ್ರಾಧಿಕಾರ 2018ರಲ್ಲಿ ತಂದ ನಿಯಮಗಳ ಪ್ರಕಾರ ಸಗಟಾಗಿ ಸಂದೇಶ ಕಳಿಸುವ ಸಂಸ್ಥೆಗಳು ತಮ್ಮ ಹೆಸರನ್ನಷ್ಟೇ ಅಲ್ಲದೆ ಸಂದೇಶದ ಒಕ್ಕಣೆಯನ್ನೂ ಮುಂಚಿತವಾಗಿ ನೋಂದಾಯಿಸಬೇಕು. ಬದಲಾಗಬಹುದಾದದ್ದು ನಡುವಿನ ಬಿಟ್ಟ ಸ್ಥಳಗಳು ಮಾತ್ರ. ಮೋಸ ತಡೆಯುವ ದೃಷ್ಟಿಯಿಂದ ಇದು ಅಗತ್ಯವಿರಬಹುದು. ಆದರೆ ‘ನಾಳಿ ಮುಂಜಾನಿ ದನದ ಡಾಕ್ಟರು ಬರತಾರ, ತಪ್ಪದ ಕೇಳ್ರಿ’ ಎಂದು ದಿನಕ್ಕೊಂದು ಬಗೆಯಲ್ಲಿ ಕರೆಯಬೇಕಾದ ಕೇಂದ್ರವೊಂದು ಬ್ಯಾಂಕಿನ ಒಕ್ಕಣೆಯಲ್ಲಿ ಮಾತನಾಡಬೇಕಾಗುತ್ತದೆ. ಕಿರುಸಂದೇಶ ಇಂದು ಜನರ ಮನಸ್ಸಿನಲ್ಲಿ ಬಹುತೇಕ ಒಟಿಪಿಯ ಪೆಟ್ಟಿಗೆಯಾಗಿ ಉಳಿದಿರುವುದಕ್ಕೂ ಈ ಒಕ್ಕಣೆಯ ಏಕರೂಪತೆಗೂ ಸಂಬಂಧವಿಲ್ಲದಿಲ್ಲ.

2016ರ ನಂತರ ಅಗ್ಗವಾದ ಇಂಟರ್ನೆಟ್ಟು ವಾಟ್ಸ್‌ಆ್ಯಪ್ ಧ್ವನಿಸಂದೇಶವನ್ನು ಹಳ್ಳಿಗಳಿಗೆ ತಂದಿದೆ. ಎಪ್ಪತ್ತರ ಮಿತಿ, ಲಿಪಿಯ ಗೊಂದಲ ಎರಡೂ ಅಲ್ಲಿಲ್ಲ. ಆದರೂ ಕೇಂದ್ರದ ದಿನಚರಿಯಲ್ಲಿ ಒಂದು ಅಡಚಣೆ ಹುಟ್ಟಿದೆ. ನೂರು ಲಿಖಿತ ಸಂದೇಶಗಳ ಮೇಲೆ ಕಣ್ಣಾಡಿಸಲು ಕೆಲವು ನಿಮಿಷ ಸಾಕು. ಒಂದೊಂದು ನಿಮಿಷದ ನೂರು ಧ್ವನಿಸಂದೇಶಗಳನ್ನು ಕೇಳಲು ಒಂದು ಗಂಟೆ ನಲವತ್ತು ನಿಮಿಷ ಬೇಕು. ಇಬ್ಬರೋ ಮೂವರೋ ನಡೆಸುವ ಕೇಂದ್ರಕ್ಕೆ ಇದು ಸಣ್ಣ ಹೊರೆಯಲ್ಲ. ಕೇಳದೆ ಉಳಿದ ದನಿಗಳು ಫೋನಿನಲ್ಲಿ ರಾಶಿಬೀಳುತ್ತವೆ, ಜಾಗ ತುಂಬಿದಾಗ ಅಳಿಸಿಹೋಗುತ್ತವೆ.

ಪ್ರಸಾರವಾದದ್ದನ್ನು ಕಾಯ್ದಿಡಲು ನಿಯಮವಿದೆಯಾದರೂ ಬಂದ ಸಂದೇಶಗಳನ್ನು ಕಾಯ್ದಿಡಬೇಕೆಂಬ ಮಾತು 2006ರ ಮಾರ್ಗಸೂಚಿಗಳಲ್ಲಿಲ್ಲ. ಹತ್ತು ಹದಿನೈದು ವರ್ಷಗಳ ಹಿಂದಿನ ಕಿರುಸಂದೇಶಗಳು ಹಳೆಯ ಸಿಮ್ಮುಗಳಲ್ಲಿ, ಕೆಟ್ಟ ಕಂಪ್ಯೂಟರುಗಳಲ್ಲಿ ಇನ್ನೂ ಉಳಿದಿರುವ ಕಡೆ ಅವುಗಳ ಪ್ರತಿ ತೆಗೆದುಕೊಳ್ಳುವ ಕೆಲಸವನ್ನು ಕನ್ನಡ ವಿಭಾಗಗಳು ಕೇಂದ್ರಗಳೊಡನೆ ಕೂಡಿ ಮಾಡಬಹುದು. ಕಳಿಸಿದವರ ಸಂಖ್ಯೆ, ಹೆಸರುಗಳನ್ನು ಮೊದಲು ಅಳಿಸಬೇಕು. ಊರು, ತಿಂಗಳು, ವಿಷಯಗಳನ್ನು ಉಳಿಸಿಕೊಳ್ಳಬೇಕು. ರೋಮನ್ ರೂಪವನ್ನು ಇದ್ದಂತೆಯೇ ಇರಿಸಿ, ಪಕ್ಕದಲ್ಲಿ ಕನ್ನಡ ಲಿಪ್ಯಂತರವನ್ನು ಆ ಊರಿನವರಿಂದಲೇ ಓದಿಸಿ ಬರೆದುಕೊಳ್ಳಬೇಕು. ಬೆಳೆಯೋ ಬೆಲೆಯೋ ಬೇಳೆಯೋ ಎಂಬುದನ್ನು ತೀರ್ಮಾನಿಸಬಲ್ಲವರು ಅವರೇ.